ಎರಡು ಸೈಜು ದೊಡ್ಡ ಶೂ

ಬಿಂಡಿಗನವಿಲೆ, ಜುಲೈ ೧೯೯೬

ಅಪ್ಪಾ,

ನೀನು ತೀರಿಕೊಂಡರೂ ನಿನ್ನ ಮಾತು ಸತ್ತಿಲ್ಲ. ಇವತ್ತು ನನ್ನ ಮಗಳು ಮೇಘನಳಿಗೆ ಓಡುವ ಶೂ ಕೊಡಿಸಲು ನಾಗಮಂಗಲಕ್ಕೆ ಹೋಗಿದ್ದೆ. ಅಂಗಡಿಯವನು ಎರಡು ಸೈಜು ದೊಡ್ಡದನ್ನು ಮುಂದಿಟ್ಟು, "ಬೆಳ್ಯೋ ಕಾಲು ಕಣಕ್ಕ, ತುದೀಗೆ ಬಟ್ಟೆ ತುರುಕ್ಬುಡಿ, ಮುಂದಿನ್ ವರ್ಸಕ್ಕೂ ಆಯ್ತದೆ" ಅಂದ. ಥೇಟ್ ನೀನೇ!

"ಅವ್ಳು ಓಡೋದು ಈ ವರ್ಸ ಕಣಣ್ಣ!" ಎಂದು ಕಿರುಚಿಯೇಬಿಟ್ಟೆ. ಬೆರಳ ಮುಂದೆ ಹೆಬ್ಬೆಟ್ಟಿನಷ್ಟೇ ಜಾಗವಿರುವ, ಹಿಮ್ಮಡಿ ಜಾರದ ಜೋಡಿ ಸಿಗುವವರೆಗೂ ಅವನನ್ನು ಬಿಡಲಿಲ್ಲ. ಹಾಕಿಸಿ, ಬೀದಿಯಲ್ಲೇ ಓಡಿಸಿ ನೋಡಿದೆ. ನಗುತ್ತಾ ಬಸ್‌ಸ್ಟ್ಯಾಂಡ್ ತನಕ ಓಡಿದವಳಿಗೆ ತಿರುಗಿ ಬರಲು ಮನಸ್ಸೇ ಇಲ್ಲ.

ನೀನು ಕೊಡಿಸಿದ ಶೂಗೆ ಬಟ್ಟೆ ತುರುಕಿಕೊಂಡು, ಎಡವುತ್ತಲೇ ನಾನೂ ಓಡಿದೆ. ಅದು ನನ್ನ ಕಾಲಿಗೆ ಸರಿಹೋದ ವರ್ಷವೇ, "ಮೈನೆರೆದ ಎಣ್ಣು ಓಡ್ತಾಳೇನ್ಲಾ?" ಎಂದು ನೀನೇ ಅದನ್ನು ಅಣ್ಣನ ಕೈಲಿ ಅಟ್ಟಕ್ಕೆ ಎಸೆಸಿದೆ.