ಬೀಗವಿಲ್ಲದ ಪ್ರತಿ

ಮಾರ್ಚ್ 4, ಸೋಮವಾರ, ಬಿಶ್ಕೆಕ್
ನಮ್ಮ ಸಿನಿಮಾ ಆ್ಯಪ್ ಹಾಕಿ ಪರೀಕ್ಷಿಸಿದ್ದು ಇವತ್ತಿಗೆ ಹನ್ನೊಂದನೆಯ ಟಿವಿ. ಸದ್ದು ಬರುತ್ತದೆ, ಚಿತ್ರ ಇಲ್ಲ. ಸಿನಿಮಾ ನಕಲು ಮಾಡುವುದನ್ನು ತಡೆಯಲು ಹಾಕಿದ ಹೊಸ ಬೀಗ ಹಳೆಯ ಸೆಟ್ಟುಗಳಲ್ಲಿ ತೆರೆಯುವುದೇ ಇಲ್ಲ. ದುಡ್ಡು ಕಟ್ಟಿ ನೋಡುವವರಿಗೇ ಕತ್ತಲೆ. ನಮ್ಮ ಬಾಸ್ ಮೆಲಿಸ್ ಅಣ್ಣ: “ಫೇಲ್ ಅಂತ ಬರೆದು ಮುಂದಕ್ಕೆ ಹೋಗಮ್ಮ.” ಬರೆದೆ. ಪಕ್ಕದ ಮೇಜಿನ ಅಜ್ರೆತ್ ನಕ್ಕ. “ನಿಮ್ಮಮ್ಮನ ಮನೇಲಿರೋದೂ ಇದೇ ಅಲ್ವಾ ಅಕ್ಕ?”

ಮಾರ್ಚ್ 7
ಕೊಚ್ಕೋರ್‌ನಿಂದ ಅಮ್ಮನ ಫೋನ್. 21ರ ನೂರೂಜ್, ಹೊಸವರ್ಷದ ಹಬ್ಬಕ್ಕೆ ನಮ್ಮ ಆ್ಯಪ್‌ನಲ್ಲಿ ಬರುವ ಹಳೆಯ ಸಿನಿಮಾದಲ್ಲಿ ಹತ್ತೊಂಬತ್ತರ ಅಮ್ಮ ಕುದುರೆ ಓಡಿಸುತ್ತಾಳೆ. ಅವಳು ನಟಿಸಿದ್ದು ಅದೊಂದೇ. ನಲವತ್ತು ವರ್ಷದಿಂದ ಅವಳೇ ನೋಡಿಲ್ಲ.
“ಬೀದಿಯವರನ್ನೆಲ್ಲ ಕರೆದಿದೀನಿ. ತಿನ್ನೋಕೆ ಎಣ್ಣೇಲಿ ಬೋರ್ಸೋಕ್ ಕರೀತೀನಿ.”
“ಅಪಾ” — ಅಮ್ಮನನ್ನು ನಾವು ಹಾಗೇ ಕರೆಯುವುದು — “ನಿಮ್ಮ ಟಿವಿ...”
“ಒರೆಸಿಟ್ಟಿದೀನಿ.”
ಹಬ್ಬಕ್ಕೆ ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮಾರ್ಚ್ 19
ತೀರಿಹೋದ ನಿರ್ದೇಶಕರ ಮಗಳ ಕೈಯಲ್ಲಿದೆ ಸಿನಿಮಾದ ಹಕ್ಕು. ಹಳೆಯ ಟಿವಿಗಳಿಗೆ ಹಗುರ ಬೀಗ ಹಾಕಿ, ಚಿತ್ರ ಮಸುಕಾದರೂ ಸರಿ, ತೋರಿಸಲು ಒಪ್ಪಿ ಎಂದು ಮೆಲಿಸ್ ಅಣ್ಣನಿಂದ ಅವರಿಗೆ ಬರೆಸಿದ್ದೆ. ಉತ್ತರವಿಲ್ಲ. ಅವರ ಭಯವೂ ಸುಳ್ಳಲ್ಲ — ತಂದೆಯ ಸಿನಿಮಾಗಳೆಲ್ಲ ಬಜಾರಿನಲ್ಲಿ ಕದ್ದ ಡಿಸ್ಕುಗಳಾಗಿ ಹೋದವು.
ಪರೀಕ್ಷೆಗೆ ಕೊಟ್ಟ ಬೀಗವಿಲ್ಲದ ಪ್ರತಿ ನನ್ನ ಕಂಪ್ಯೂಟರಿನಲ್ಲಿದೆ... ಪೆನ್‌ಡ್ರೈವ್‌ಗೆ ಹಾಕಿಕೊಂಡೆ.

ಮಾರ್ಚ್ 22, ಕೊಚ್ಕೋರ್
ನಿನ್ನೆ ಹಬ್ಬಕ್ಕೆ ಅಮ್ಮನ ಮನೆಯಲ್ಲಿ ಹದಿನಾಲ್ಕು ಹೆಂಗಸರು. ಪೆನ್‌ಡ್ರೈವ್ ಅನ್ನು ಟಿವಿಗೆ ಸಿಕ್ಕಿಸಿದೆ. ತಾನು ಕುದುರೆಯಿಂದ ಬೀಳುವ ದೃಶ್ಯವನ್ನು ಅಮ್ಮ ಮೂರು ಸಲ ಹಾಕಿಸಿದಳು. “ನಟನೆ ಅಲ್ಲ ಕಣ್ರೇ, ನಿಜವಾಗ್ಲೂ ಬಿದ್ದೆ. ಆ ನಿರ್ದೇಶಕ ಮಹಾರಾಯ ಅದನ್ನೇ ಸಿನಿಮಾದಲ್ಲಿ ಇಟ್ಕೊಂಡ.” ನಗುನಗುತ್ತಲೇ ಅತ್ತಳು.
ಇವತ್ತು ಹೊರಡುವಾಗ ನೋಡಿದರೆ ಪೆನ್‌ಡ್ರೈವ್ ಇಲ್ಲ.
“ಪಕ್ಕದ್ಮನೆ ತುರ್ದುಕಾನ್‌ಗೆ ಕೊಟ್ಟೆ. ಹಾಸಿಗೆ ಹಿಡಿದಿರೋ ಗಂಡನಿಗೆ ತೋರಿಸ್ತಾಳಂತೆ. ಹೇಗೆ ಇಲ್ಲ ಅನ್ನಲಿ?”
ಓಡಿಹೋಗಿ ತಂದೆ. ರಾತ್ರಿಯೆಲ್ಲ ಅವರ ಮನೆಯಲ್ಲಿತ್ತು.

ಮಾರ್ಚ್ 27, ಬಿಶ್ಕೆಕ್
ಸಿನಿಮಾ ಫೋನಿನಿಂದ ಫೋನಿಗೆ ಹರಿದಾಡುತ್ತಿದೆ. ಪೂರ್ತಿ.
ಒಂದೊಂದು ಪರೀಕ್ಷಾ ಪ್ರತಿಯ ಚಿತ್ರದಲ್ಲೂ ಕಣ್ಣಿಗೆ ಕಾಣದ ಗುರುತು ಇದೆಯಂತೆ. ಹೊರಬಿದ್ದದ್ದು ಯಾರ ಪ್ರತಿ ಎಂದು ಸೋಮವಾರ ವರದಿ ಬರುತ್ತದೆ. ಮೆಲಿಸ್ ಅಣ್ಣ ಕಾಯಲಿಲ್ಲ. “ಇದು ಅಜ್ರೆತ್‌ನದೇ ಕೆಲಸ. ಮೊನ್ನೆ ತಾನೆ ರಜೆಗೆ ಜಗಳ ಆಡಿದ್ದ.” ಅಜ್ರೆತ್ ನನ್ನ ಕಡೆ ನೋಡಿದ. ನಾನು ಪರದೆ ನೋಡುತ್ತ ಕೂತೆ.

ಮಾರ್ಚ್ 28
ನಿರ್ದೇಶಕರ ಮಗಳ ಫೋನ್. ನಾನೇ ಎತ್ತಿದೆ.
“ಹಳೇ ಟಿವಿಯವರೂ ನೋಡ್ಲಿ ಅಂತ ಒಪ್ಪಿಗೆ ಬರೆದಿಟ್ಟಿದ್ದೆ, ಕಳಿಸೋದಷ್ಟೇ ಬಾಕಿ ಇತ್ತು. ಇನ್ನು ಕೇಳಬೇಡಿ.”

ಮಾರ್ಚ್ 31
ಅಮ್ಮನಿಗೆ ಹೇಳಿದೆ.
“ನಾನು ಕೊಟ್ಟೆ ಅಂತ ಹೇಳು ಜಿಪಾರ್. ಮುದುಕೀನ ಏನ್ಮಾಡ್ತಾರೆ?”
“ಕದ್ದು ತಂದವಳು ನಾನು, ಅಪಾ.”
“ಹಾಗಾದ್ರೆ ವರದಿ ಬರೋಕೆ ಮುಂಚೆ ಹೇಳು. ಸಿಕ್ಕಿಬಿದ್ದ ಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ಲ.”

ಏಪ್ರಿಲ್ 1, ಸೋಮವಾರ
ಎಂಟೂವರೆಗೇ ಹೋದೆ. ವರದಿ ಬಂದಿರಲಿಲ್ಲ. ಹೇಳಿಬಿಟ್ಟೆ. ಮೆಲಿಸ್ ಅಣ್ಣ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ನೀನಂತೂ ಅಲ್ಲ ಅಂತ ಎಲ್ಲರ ಮುಂದೆ ಹೇಳಿದ್ದೆ.” ಕೆಲಸ ಹೋಯಿತು.
ಮೆಟ್ಟಿಲಲ್ಲಿ ಅಜ್ರೆತ್. ದಾರಿ ಬಿಟ್ಟು ನಿಂತ.
“ಇಷ್ಟು ದಿನ ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ ಅಕ್ಕ. ನೀವೂ ಕೂರಲಿಲ್ಲ.”
ಹೌದು, ಕೂರಲಿಲ್ಲ. ಕೂತಿದ್ದರೆ ಅವನ ಎದುರು ನನಗೆ ನಿಜ ಮುಚ್ಚಿಡಲು ಆಗುತ್ತಿರಲಿಲ್ಲ.