ಕಾಯುವುದನ್ನು ಮರೆತ ಪಿಪ್

ಶಾಲಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಕಳೆದ ಮಂಗಳವಾರದ ಸಭೆಯಲ್ಲಿ ನನ್ನ ಮೊಮ್ಮಗಳಿಗೆ ನೀವೊಂದು ಪ್ರಶ್ನೆ ಕೇಳಿದಿರಿ, ಉತ್ತರಕ್ಕೆ ಕಾಯಲಿಲ್ಲ. ನನ್ನ ದೂರು ಅಷ್ಟೇ.

ಐಲಿಗೆ ಎಂಟು ವರ್ಷ, ಆಟಿಸಂ ಇದೆ. ಮಾತು ಬರುತ್ತದೆ, ತಡವಾಗಿ ಬರುತ್ತದೆ. ಹಾಲು ಬೇಕೇ ಎಂದು ಕೇಳಿದವರು, ಅವಳು ಬೇಕು ಎನ್ನುವಷ್ಟರಲ್ಲಿ ಲೋಟ ಎತ್ತಿಟ್ಟಿರುತ್ತಾರೆ. ನಾನು ಚಿಕ್ಕವಳಿದ್ದಾಗ ಈ ಗಣಿಯೂರಿನಿಂದ ಇಂಥ ಮಕ್ಕಳನ್ನು ಬಸ್ಸು ಹತ್ತಿಸಿ ದೂರದ ಆಶ್ರಮಕ್ಕೆ ಸಾಗಿಸುತ್ತಿದ್ದರು. ಅದನ್ನು ಕಂಡವಳಿಗೆ, ಚಿಕಿತ್ಸೆಗೆಂದು ನೀವು ಶಾಲೆಗೆ ತಂದ ಮೊಣಕಾಲೆತ್ತರದ ರೋಬಾಟ್ ಮೇಲೆ ನಂಬಿಕೆ ಹುಟ್ಟುವುದು ಹೇಗೆ?

ಆದರೆ ಪಿಪ್ ಎಂಬ ಆ ಯಂತ್ರ ಕಾಯುತ್ತಿತ್ತು. ಪ್ರಶ್ನೆ ಕೇಳಿ, ತಲೆ ವಾಲಿಸಿ, ಸುಮ್ಮನಾಗುತ್ತಿತ್ತು. ನಿಟ್ಟುಸಿರು ಬಿಡುತ್ತಿರಲಿಲ್ಲ, ಉತ್ತರವನ್ನು ತಾನೇ ಹೇಳಿಕೊಡುತ್ತಿರಲಿಲ್ಲ. ಐಲಿ ಅದರೊಡನೆ ಮಾತಾಡಿದಳು. ಅದನ್ನು ನೋಡಿ ನಾನೂ ಕಾಯಲು ಕಲಿತೆ. "ಅಜ್ಜೀ, ನಿನ್ ಮೀನ್ ಸೂಪು ಬರೀ ಉಪ್ಪು" ಎಂದು ಅವಳು ಬೈದ ದಿನ ಖುಷಿಗೆ ಅತ್ತುಬಿಟ್ಟೆ.

ಚಳಿಗಾಲದ ರಜೆ ಮುಗಿಯುವಷ್ಟರಲ್ಲಿ ಪಿಪ್ 'ಸುಧಾರಿಸಿತ್ತು'. ದಿನಕ್ಕೆ ಇನ್ನಷ್ಟು ಮಕ್ಕಳ ಸರದಿ ಮುಗಿಸಲೆಂದು ನಿಮ್ಮ ಕಚೇರಿ ಅದರ ಮೌನಕ್ಕೆ ಕತ್ತರಿ ಹಾಕಿತ್ತು. ಈಗ ಒಂದು ಪ್ರಶ್ನೆ, ಮತ್ತದೇ ಪ್ರಶ್ನೆ, ಕೂಡಲೇ "ಪರವಾಗಿಲ್ಲ, ಮುಂದೆ ಹೋಗೋಣ!" ಐಲಿ ಕಿವಿ ಮುಚ್ಚಿಕೊಂಡು ಮೇಜಿನಡಿ ಕೂತಳು. ಆಮೇಲೆ ನನ್ನೊಡನೆಯೂ ಮಾತು ನಿಂತಿತು. ಮನುಷ್ಯರಿಗಿಲ್ಲದ ತಾಳ್ಮೆ ಇದಕ್ಕಿದೆ ಎಂದು ತಾನೇ ನೀವು ಇದನ್ನು ಕೊಂಡಿದ್ದು? ಅದಕ್ಕೆ ನಮ್ಮ ಅವಸರ ಕಲಿಸಲು ಎಷ್ಟು ಮಂದಿ ಪರಿಣತರು ಬೇಕಾದರು?

"ಕೆಟ್ಟಿಲ್ಲ ಮೇಡಂ, ಚುರುಕಾಗಿದೆ," ಎಂದ ನಿಮ್ಮ ತಂತ್ರಜ್ಞ.

"ಚುರುಕು ನಮ್ಮನೇಲಿ ಯಾರಿಗೂ ಬೇಡಪ್ಪಾ. ಮೊದಲಿನ ಹಾಗೆ ಮಾಡು."

"ಹಳೇ ಪ್ರೋಗ್ರಾಂ ಅಳಿಸಿಬಿಟ್ಟಿದ್ದಾರೆ. ಮಂಡಳೀಲಿ ಕೇಳಿ."

ಕೇಳಲು ಐಲಿಯನ್ನೂ ಕರೆದುಕೊಂಡು ಸಭೆಗೆ ಬಂದೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ, ಹೊತ್ತು ಮುಗಿದರೆ ಕೆಂಪಾಗುವ ದೀಪ ಎದುರಿಗೆ. ನಾನು ಹೇಳಿ ಮುಗಿಸಿದಾಗ ನೀವು ಮುಂದೆ ಬಾಗಿ, "ಪುಟ್ಟೀ, ಪಿಪ್‌ನಲ್ಲಿ ನಿಂಗೇನಿಷ್ಟ ಹೇಳಮ್ಮಾ?" ಎಂದಿರಿ. ಐಲಿ ಮುಖ ಎತ್ತಿದಳು. ಆ ಮುಖ ನನಗೆ ಗೊತ್ತು, ಮಾತು ಹೊರಟಿತ್ತು. ದೀಪ ಕೆಂಪಾಯಿತು. "ಪಾಪ, ನಾಚಿಕೆ. ಮುಂದಿನವರು ಬನ್ನಿ," ಎಂದಿರಿ. ಮುಂದಿನ ವಿಷಯ, ಐಸ್-ಹಾಕಿ ಆಟದ ಅಂಗಳದ ಮಂಜುಗಡ್ಡೆ ನುಣುಪು ಮಾಡುವ ಯಂತ್ರದ ಖರೀದಿ. ಅದಕ್ಕೆ ಮುಕ್ಕಾಲು ಗಂಟೆ ಕೊಟ್ಟಿರಂತೆ.

ಉತ್ತರ ಬಂದದ್ದು ಕಾರಿನಲ್ಲಿ, ಹಳೇ ಗಣಿಯ ಗೇಟು ದಾಟುವಾಗ.

"ಸುಮ್ನಿರೋದು."

ಅದಾದ ಮೇಲೆ ಇವತ್ತಿನವರೆಗೆ ಅವಳು ಬಾಯಿ ತೆರೆದಿಲ್ಲ.

ಪಿಪ್‌ನ ಮೌನ ಹಿಂದಿರುಗಿಸಿ. ಆಗದಿದ್ದರೆ ಸುಮ್ಮನೆ ಕಾಯಬಲ್ಲ ಒಬ್ಬ ಮನುಷ್ಯನನ್ನಾದರೂ ನೇಮಿಸಿ. ಎರಡೂ ಆಗುವುದಿಲ್ಲವೆಂದು ಬಲ್ಲೆ. ಆದರೂ ನೀವು ಕೇಳಿದ್ದಿರಿ, ಅವಳು ಹೇಳಿದ್ದಾಳೆ. ತಲುಪಿಸುವುದು ನನ್ನ ಪಾಲಿಗೆ ಬಂತು.

ಇಂತಿ,
ಕೆಂಪು ದೀಪದ ಆಚೆಯಿಂದ,
ವೆಲ್ಮಾ ಹೈಕ್ಕಿಲಾ
(ಐಲಿಯ ಅಜ್ಜಿ)