ತನಗೂ ತೆರೆಯದ ಬೀಗ ಬರೆದವಳಿಗೆ

ಕಾರವಾರ
ಫೆಬ್ರವರಿ ಮೂವತ್ತು, ೨೧೬೮

ಹುಬ್ಬಳ್ಳಿಯ ವಿನೋದಿನಿ ಹಡಪದ ಅವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ, ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಹೆಸರು ಮೇದಿನಿ. ಇಲ್ಲಿನ ಬಂದರಿನಲ್ಲಿ ದೋಣಿಗಳ ಯಂತ್ರ ರಿಪೇರಿ ಮಾಡುತ್ತೇನೆ. ನೀವು ಕಾಪಾಡಿದ ಒಬ್ಬ ಹೆಂಗಸಿನ ಮರಿಮಗಳ ಮಗಳು ನಾನು. ಅವಳು ಏನಾದಳೆಂದು ನಿಮಗೆ ಕೊನೆಗೂ ತಿಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಗಂಡ ಹೊಡೆಯುತ್ತಿದ್ದ. ಎರಡು ಸಲ ಓಡಿಹೋದಳು. ಎರಡು ಸಲವೂ ಅವಳ ಫೋನೇ ಅವಳಿದ್ದ ಜಾಗವನ್ನು ಅವನಿಗೆ ತೋರಿಸಿಕೊಟ್ಟಿತು. ಎರಡನೆಯ ಸಲ ಅವಳ ಬಲಗೈ ಮುರಿಯಿತು. ಆಗ ಆಸ್ಪತ್ರೆಯ ನರ್ಸೊಬ್ಬರು ನೀವು ಬರೆದ 'ಆಸರೆ' ಆ್ಯಪನ್ನು ಅವಳ ಫೋನಿಗೆ ಹಾಕಿಕೊಟ್ಟರು. ಅದು ಅವಳ ಓಡಾಟವನ್ನು ಯಾರಿಗೂ ಕಾಣದಂತೆ ಮುಚ್ಚಿ, ಕಾರವಾರದಲ್ಲಿ ಒಬ್ಬರ ಮನೆಯಲ್ಲಿ ಇರಲು ಜಾಗ ಹುಡುಕಿಕೊಟ್ಟಿತು. ಹಸುಗೂಸನ್ನು ಎತ್ತಿಕೊಂಡು ಬಸ್ ಹತ್ತಿದಳು.

ಮಗುವನ್ನು ಕದ್ದೊಯ್ದಿದ್ದಾರೆಂದು ಗಂಡ ದೂರು ಕೊಟ್ಟ. ಠಾಣೆಗೆ ನಿಮ್ಮನ್ನು ಕರೆಸಿದರು. ಅಲ್ಲಿ ನಡೆದದ್ದನ್ನು ಮುಂದೆ ನೀವೇ ಸಭೆಯೊಂದರಲ್ಲಿ ಹೇಳಿದಿರಿ. ನಮ್ಮ ಮನೆಯ ಮಕ್ಕಳಿಗೆಲ್ಲ ಅದು ಬಾಯಿಪಾಠ.

"ಆಕಿ ಎಲ್ಲಿದಾಳ, ತೆಗೆದು ತೋರಿಸವಾ. ಆ್ಯಪ್ ನಿಂದು, ಕೀಲಿನೂ ನಿನ್ನ ಹತ್ರಾನ ಇರಬೇಕಲ್ಲ?" ಎಂದರು ಇನ್‌ಸ್ಪೆಕ್ಟರು.

"ಇಲ್ರೀ ಸರ. ನನಗೂ ತೆಗಿಯಾಕ ಬರದಂಗ ಬರದೀನಿ."

"ಯಾಕ?"

"ಒಂದಿನ ಯಾರರ ಕೇಳ್ತಾರಂತ ಗೊತ್ತಿತ್ರೀ. ಅವತ್ತು ನಾ ಹೆದರಿದ್ರ ಆಕಿ ಜೀವ ಹೋಗಬಾರದಲ್ರೀ."

ನಿಮ್ಮ ಕೆಲಸ ಹೋಯಿತು. ಮಗು ಕದ್ದವರ ಗೆಳತಿ ಎಂದು ಜನ ಬೈದರು. ವರ್ಷಗಟ್ಟಲೆ ಕೋರ್ಟಿಗೆ ಅಲೆದಿರಿ. ಗೆದ್ದ ದಿನ ನೀವು ನಗಲಿಲ್ಲವಂತೆ; ಆ ಹೆಂಗಸು ಬದುಕಿದ್ದಾಳೋ ಇಲ್ಲವೋ ಎಂದು ಕೇಳಿದಿರಂತೆ.

ಬದುಕಿದ್ದಳು. ಇಲ್ಲೇ ಹೊಲಿಗೆ ಅಂಗಡಿ ಇಟ್ಟಳು, ಮಗಳನ್ನು ಓದಿಸಿದಳು, ಎಪ್ಪತ್ತು ದಾಟಿದ ಮೇಲೆ ಈಜು ಕಲಿತಳು.

ಈಗ ಶಾಲೆಗೆ ಸೇರುವ ಪ್ರತಿ ಮಗುವಿಗೂ 'ಮರೆಬೀಗ' ಕೊಡುತ್ತಾರೆ. ತನ್ನ ಮುಖ, ಮಾತು, ಓಡಾಟಗಳನ್ನು ತಾನೇ ಮುಚ್ಚಿ ತಾನೇ ತೆರೆಯುವ ಬೀಗ ಅದು. ಒಳಗಿನ ಲೆಕ್ಕಾಚಾರ ನಿಮ್ಮದೇ. ನಮ್ಮ ಬೀದಿದೀಪಗಳಲ್ಲಿರುವ ಕ್ಯಾಮೆರಾಗಳಿಗೆ ದಾರಿಹೋಕರ ಗುರುತು ಹಿಡಿಯುವ ಅಧಿಕಾರವಿಲ್ಲ.

ಆ ನಮ್ಮ ಹಿರಿಯಜ್ಜಿಗೆ ಅಂದು ಇಲ್ಲಿ ಬಾಗಿಲು ತೆರೆದವರು ಯಾರೆಂದು ತಿಳಿಯುವ ಆಸೆ ನನಗೆ. ಅವರ ವಂಶದವರ ಕೈ ಹಿಡಿದು ಒಂದು ಮಾತಾಡಬೇಕಿತ್ತು. 'ಆಸರೆ'ಯ ಹಳೆಯ ಪ್ರತಿಯೊಂದನ್ನು ಹುಡುಕಿ, ಬೀಗ ಒಡೆಯಲೆಂದು ಈಗಿನ ದೈತ್ಯ ಗಣಕಯಂತ್ರಗಳಿಗೆ ಒಡ್ಡಿದೆ. ತೆರೆಯಲಿಲ್ಲ. ಮೊದಲು ಅಳು ಬಂತು, ಆಮೇಲೆ ನಗು.

ಬೀಗವನ್ನು ಸ್ವಲ್ಪ ಸಡಿಲ ಮಾಡಿ ಎಂದು ನಿಮ್ಮನ್ನು ಒಳ್ಳೆಯವರೂ ಕೇಳುತ್ತಾರೆ, ನನ್ನಂಥವರು. ದಯವಿಟ್ಟು ಒಪ್ಪಬೇಡಿ.

ನಿಮ್ಮ,
ಮೇದಿನಿ